ಮಾರ್ಚ್ ತಿಂಗಳ ಬಾಜಿ

೨೦೧೯ರ ಮಾರ್ಚಿಯಲ್ಲಿ ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋಗಿದ್ದೆ. ಒಂದು ಸಂಜೆ ಅಳಿಯ ಆಫೀಸಿನಿಂದ ಹಾಳೆಯೊಂದನ್ನು ತಂದು, "ಅತ್ತೆ, ನೀವೂ ಒಂದು ತುಂಬಿ, ಐದು ಡಾಲರ್ ನಾನು ಕಟ್ಟುತ್ತೇನೆ" ಎಂದ. ವಂಶವೃಕ್ಷವನ್ನು ಮಗ್ಗುಲಾಗಿ ಮಲಗಿಸಿದಂತಿತ್ತು ಆ ಹಾಳೆ. ಕಾಲೇಜು ಹುಡುಗರ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯಂತೆ. ೬೪ ತಂಡಗಳು, ಒಮ್ಮೆ ಸೋತವರು ಮನೆಗೆ. ೬೩ ಆಟಗಳನ್ನು ಯಾರು ಯಾರು ಗೆಲ್ಲುತ್ತಾರೆಂದು ಮೊದಲೇ ಬರೆದಿಡಬೇಕು. ನಾಣ್ಯ ಚಿಮ್ಮಿ ಬರೆದರೆ ಎಲ್ಲವೂ ಸರಿಬೀಳುವುದು ಎಷ್ಟರಲ್ಲಿ ಒಂದು ಪಾಲು ಗೊತ್ತೇ? ಕೋಟಿಯನ್ನು ಕೋಟಿಯಿಂದ ಗುಣಿಸಿ, ಅದನ್ನು ಮತ್ತೆ ೯೨ ಸಾವಿರದಿಂದ ಗುಣಿಸಿದಷ್ಟರಲ್ಲಿ! ೨೦೧೪ರಲ್ಲಿ ವಾರೆನ್ ಬಫೆಟ್ ಬೆಂಬಲದಿಂದ ನೂರು ಕೋಟಿ ಡಾಲರ್ ಬಹುಮಾನವನ್ನೇ ಇಟ್ಟಿದ್ದರು. ಯಾರಿಗೂ ದಕ್ಕಲಿಲ್ಲ.

ಹಾಳೆಯದೇನೋ ತಮಾಷೆ. ನನ್ನ ಎದೆ ಧಸಕ್ಕೆಂದದ್ದು ಅಳಿಯನ ಮೊಬೈಲಿನಲ್ಲಿ ಬೇರೆ ಬಾಜಿಯನ್ನು ಕಂಡಾಗ. ಕಾನೂನಿನ ಅಡ್ಡಿಯಿರಲಿಲ್ಲ ಅನ್ನಿ. ೧೯೯೨ರ ನಿಷೇಧದ ವಿರುದ್ಧ ಕೋರ್ಟಿಗೆ ಹೋಗಿ, ೨೦೧೮ರ ಮೇ ತಿಂಗಳಲ್ಲಿ ಗೆದ್ದದ್ದೇ ಈ ನ್ಯೂಜೆರ್ಸಿ. ಆದರೆ ನಾನು ಓಸಿ ಚೀಟಿಯ ಮನೆಯಲ್ಲಿ ಬೆಳೆದವಳು. ಅಮ್ಮನ ಬಳೆಗಳು ಒಂದೊಂದಾಗಿ ಗಿರವಿ ಅಂಗಡಿ ಸೇರಿದ್ದನ್ನು ಕಂಡವಳು. ಆ ಓಸಿಯೂ ಮೊದಲಿಗೆ ನ್ಯೂಯಾರ್ಕಿನ ಹತ್ತಿ ಪೇಟೆಯ ಓಪನ್, ಕ್ಲೋಸ್ ದರಗಳ ಮೇಲಿನ ಜೂಜಾಗಿತ್ತು ಎಂದು ಬಹಳ ವರ್ಷಗಳ ಮೇಲೆ ತಿಳಿಯಿತು.

ತಂಡದ ಹೆಸರಿನ ಮುಂದೆ "-೭.೫" ಎಂದಿತ್ತು. ಏನಪ್ಪಾ ಇದು ಎಂದು ಕೇಳಿದೆ. ಆ ತಂಡ ಬರೀ ಗೆದ್ದರೆ ಸಾಲದು, ಎಂಟು ಪಾಯಿಂಟಿನ ಅಂತರದಿಂದಾದರೂ ಗೆಲ್ಲಬೇಕು. ಏಳರಿಂದ ಗೆದ್ದರೆ ಅದರ ಮೇಲೆ ದುಡ್ಡು ಕಟ್ಟಿದವನು ಸೋತ. ಈ ಉಪಾಯವನ್ನು ಚಾರ್ಲ್ಸ್ ಮೆಕ್‌ನೀಲ್ ಎಂಬ ಲೆಕ್ಕದ ಮೇಷ್ಟರ ಹೆಸರಿನಲ್ಲಿ ಹೇಳುತ್ತಾರೆ. ಸಾಮಾನ್ಯವಾಗಿ ೧೦೦ ಗೆಲ್ಲಲು ೧೧೦ ಕಟ್ಟಬೇಕು. ಎದುರುಬದುರಿನ ಇಬ್ಬರು ೧೧೦ರಂತೆ ಕಟ್ಟಿದರೆ ಗೆದ್ದವನಿಗೆ ೨೧೦, ಉಳಿದ ಹತ್ತು ಅಂಗಡಿಯವನಿಗೆ. ೨೧ ಬಾಜಿಗಳಲ್ಲಿ ೧೧ ಗೆದ್ದರೂ ಲಾಭವಿಲ್ಲ, ನಷ್ಟವಿಲ್ಲ. ನಾನೇ ಕಾಗದದ ಮೇಲೆ ಕೂಡಿ ಕಳೆದು ಅಳಿಯನಿಗೆ ತೋರಿಸಿದೆ.

ಈ ಅಂತರದ ಬಾಜಿಯೇ ಹುಡುಗರನ್ನು ಕೆಡಿಸಿತು. ಹಿಂದೆ ಆಟಗಾರನನ್ನು ಕೊಳ್ಳಬೇಕಾದರೆ ಸೋಲು ಎನ್ನಬೇಕಿತ್ತು. ಈಗ, "ಗೆಲ್ಲಪ್ಪಾ, ಸ್ವಲ್ಪ ಕಡಿಮೆ ಅಂತರದಲ್ಲಿ ಗೆಲ್ಲು" ಎಂದರೆ ಮುಗಿಯಿತು. ನ್ಯೂಯಾರ್ಕಿನ ಸಿಟಿ ಕಾಲೇಜು ಆಗ ಶುಲ್ಕವಿಲ್ಲದ ಕಾಲೇಜಾಗಿತ್ತು. ವಲಸೆ ಬಂದ ಯಹೂದಿಗಳ ಮಕ್ಕಳು, ಕಪ್ಪು ಹುಡುಗರು ಆಡುತ್ತಿದ್ದ ಆ ತಂಡ ೧೯೫೦ರಲ್ಲಿ ದೇಶದ ಎರಡೂ ದೊಡ್ಡ ಪಂದ್ಯಾವಳಿಗಳನ್ನು ಗೆದ್ದಿತು. ಒಂದೇ ವರ್ಷ ಎರಡನ್ನೂ ಗೆದ್ದ ತಂಡ ಇನ್ನೊಂದಿಲ್ಲ. ಮರುವರ್ಷ ಫೆಬ್ರವರಿಯಲ್ಲಿ ಅದರ ಆಟಗಾರರೇ ಬಂಧನಕ್ಕೊಳಗಾದರು. ಕೊನೆಗೆ ಏಳು ಕಾಲೇಜುಗಳ ೩೨ ಹುಡುಗರು, ೮೬ ಆಟಗಳು ಹಗರಣದಲ್ಲಿ ಸಿಕ್ಕಿಕೊಂಡವು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಟಿಕೆಟ್ಟಿನ ದುಡ್ಡು ಯಾರ್ಯಾರದೋ ಜೇಬಿಗೆ ಹೋಗುತ್ತಿದ್ದಾಗ ಬರಿಗೈಯಲ್ಲಿ ಆಡಿದ ಹುಡುಗರನ್ನು ಬೈಯಲು ನನಗಂತೂ ಬಾಯಿ ಬರುವುದಿಲ್ಲ.

ಇದೆಲ್ಲ ಬಯಲಾದದ್ದು ಮ್ಯಾನ್‌ಹಟನ್ ಕಾಲೇಜಿನ ಜೂನಿಯಸ್ ಕೆಲಾಗ್ ಎಂಬ ಕಪ್ಪು ಹುಡುಗನಿಂದ. ೧೯೫೧ರ ಜನವರಿಯಲ್ಲಿ ಅವನಿಗೆ ೧,೦೦೦ ಡಾಲರ್ ಆಮಿಷ ಒಡ್ಡಿದರು. ನೇರವಾಗಿ ತರಬೇತುದಾರನ ಬಳಿ ಹೋಗಿ ಹೇಳಿಬಿಟ್ಟ. ಮೂರು ವರ್ಷಗಳ ಮೇಲೆ ಕಾರು ಅಪಘಾತದಲ್ಲಿ ಅವನ ಮೈಯ ಸ್ವಾಧೀನ ತಪ್ಪಿತು. ಆಮೇಲೂ ಗಾಲಿಕುರ್ಚಿಯ ಆಟಗಾರರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸಿದ.

ಕೂಸನ್ನು ಕಾಲ ಮೇಲೆ ಹಾಕಿಕೊಂಡು ಈ ಕಥೆಯನ್ನು ಹೇಳಿದಾಗ ಅಳಿಯ ಮೊಬೈಲನ್ನು ಬೋರಲಾಗಿಟ್ಟು ಕೇಳಿದ. ಬಾಜಿ ಬಿಟ್ಟನೋ ಇಲ್ಲವೋ, ನಾನು ಕೇಳಲು ಹೋಗಲಿಲ್ಲ. ನನ್ನ ಹಾಳೆ ಎರಡನೆಯ ದಿನಕ್ಕೇ ಕೆಟ್ಟಿತ್ತು. ಮಗಳು ಅದರ ಹಿಂಬದಿಯಲ್ಲಿ ಕೂಸಿನ ಔಷಧಿಯ ಹೊತ್ತುಗಳನ್ನು ಬರೆದು ಫ್ರಿಜ್ಜಿಗೆ ಅಂಟಿಸಿದಳು.