ಫ್ಯೂಸ್

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಪಂಪ್‌ಸೆಟ್ ನಿಂತರೆ ಮೊದಲು ಬರುವ ಮಾತು: ‘ಟಿಸಿ (ಟ್ರಾನ್ಸ್‌ಫಾರ್ಮರ್) ಫ್ಯೂಸ್ ಹೋಗಿರಬೇಕು.’ ಸುರಿ, ಕರಗಿಸು ಎಂಬರ್ಥದ ಲ್ಯಾಟಿನ್ ‘ಫುಂಡೆರೆ’ಯೇ ಈ ಪದದ ಮೂಲ. ಪಟಾಕಿ ಬತ್ತಿಯ ಫ್ಯೂಸ್ ಬೇರೆ. ಅದು ನೂಲುವ ಕದಿರಿನ ಹೆಸರಿಂದ ಬಂದದ್ದು.

ಕರೆಂಟು ತುಸು ಮಿತಿಮೀರಿದರೆ ಫ್ಯೂಸಿನ ತಂತಿ ಹೆಸರಿಗೆ ತಕ್ಕಂತೆ ಕರಗುತ್ತದೆ. ಶಾರ್ಟ್ ಆದಾಗ ಮಾತ್ರ ‘ಕರಗು’ ಎಂಬ ಅರ್ಥ ಸಾಲದು. ಲೋಹ ಕ್ಷಣದಲ್ಲಿ ಆವಿಯಾಗಿ ಸಿಡಿಯುತ್ತದೆ. ಆವಿಯ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿ ಪ್ಲಾಸ್ಮಾ ಹುಟ್ಟುತ್ತದೆ. ಕಣ್ಣು ಕೋರೈಸುವ ಆ ಬೆಳಕು ಅದರದೇ. ತಂತಿಯನ್ನು ವಿದ್ಯುತ್ತಿನಿಂದ ಹೀಗೆ ಸಿಡಿಸುವ ಪ್ರಯೋಗವನ್ನು ಎಡ್ವರ್ಡ್ ನೇರ್ನ್ 1774ರಲ್ಲೇ ವರದಿ ಮಾಡಿದ್ದ. ವಿಜ್ಞಾನಿ ಲ್ಯಾಂಗ್ಮ್ಯೂರ್ ‘ಪ್ಲಾಸ್ಮಾ’ ಎಂದು ಹೆಸರಿಟ್ಟದ್ದು 1928ರಲ್ಲಿ. ಪ್ಲಾಸ್ಮಾ ಕರೆಂಟನ್ನು ಹರಿಯಗೊಡುವುದರಿಂದ ತಂತಿ ತುಂಡಾದರೂ ಕಿಡಿ ಆರದು. ಅದನ್ನು ಆರಿಸಲೆಂದೇ ದೊಡ್ಡ ಫ್ಯೂಸುಗಳಲ್ಲಿ ಮರಳು ತುಂಬಿರುತ್ತಾರೆ.