ದೆವ್ವದಂಥಾ ಮನಿ

ಹೊಸ ಮನೆಯ ವಾಸ್ತುಶಾಂತಿಯ ಊಟ ಮುಗಿಸಿ ಬರುವವರನ್ನು ಇಂಡಿಯಲ್ಲೋ ಸಿಂದಗಿಯಲ್ಲೋ ತಡೆದು, ಮನೆ ಹೇಗಿದೆ ಎಂದು ಕೇಳಿ. ‘ಏನ್ ಕಟ್ಸ್ಯಾನೋ ಮಾರಾಯಾ, ದೆವ್ವದಂಥಾ ಮನಿ!’ ಅಂದಾರು. ಬೆಂಗಳೂರು ಕಡೆಯಿಂದ ಬಂದ ಬೀಗರ ಕಿವಿಗೆ ಇದು ಬಿದ್ದರೆ ಅಲ್ಲಿ ರಾತ್ರಿ ಉಳಿಯಲು ಹಿಂದೆಮುಂದೆ ನೋಡಬಹುದು. ಹೇಳಿದವರ ಬಾಯಲ್ಲಿ ಅದು ಮೆಚ್ಚುಗೆ. ಹುಡುಕಿದರೆ ಒಳಗೊಂದು ಚಿಟಿಕೆ ಹೊಟ್ಟೆಕಿಚ್ಚು ಸಿಕ್ಕೀತು. ಮನೆ ಬಲು ದೊಡ್ಡದು, ಅಷ್ಟೇ ಅರ್ಥ.

ವಿಜಯಪುರ ಜಿಲ್ಲೆಯ ಮಾತಿನಲ್ಲಿ ದೆವ್ವಕ್ಕೆ ಹಚ್ಚದ ಕೆಲಸವಿಲ್ಲ. ಮುಂಜಾನೆ ಹೊಲಕ್ಕೆ ಹೋಗಿ ಬಗ್ಗಿಸಿದ ಸೊಂಟ ಎತ್ತದವನು ‘ದೆವ್ವದಂಗ ದುಡಿಯಾಂವ’. ಪರೀಕ್ಷೆಯ ಫಲಿತಾಂಶ ನೋಡಿ ಮೂಲೆ ಹಿಡಿದವನು ‘ದೆವ್ವ ಬಡದವರಂಗ ಕುಂತಾನ’. ಮಾತು ಕೇಳದ ಮಗನಿಗೆ ತಾಯಿ ಕೈಗೆ ಸಿಕ್ಕ ಬಡಿಗೆ ತೋರಿಸಿ ‘ತಡಿ, ನಿನ್ನ ಮೈಯಾನ ದೆವ್ವ ಬಿಡಸ್ತೀನಿ’ ಅನ್ನುತ್ತಾಳೆ. ಗಾತ್ರ, ಕಸುವು, ಮಂಕು, ತುಂಟತನ ನಾಲ್ಕಕ್ಕೂ ಒಂದೇ ಪದ. ಹಗಲಿಡೀ ಹೀಗೆ ಸಲೀಸಾಗಿ ಓಡಾಡುವ ಪದ ದೀಪ ಹಚ್ಚುವ ಹೊತ್ತಿಗೆ ಮಾತ್ರ ಮಾಯವಾಗುತ್ತಿತ್ತು. ಆಗ ಅದಕ್ಕೆ ‘ಗಾಳಿ’ ಎಂಬ ಅಡ್ಡಹೆಸರು. ಇಲ್ಲವೇ ಬರೀ ‘ಅದು’. ‘ಸಂಜೀ ಮುಂದ ಅದರ ಹೆಸರ ತಗೀಬ್ಯಾಡ್ರೋ’ ಎಂದು ಆಯಿ ಗದರಿದರೆ, ಅದೆಂದರೆ ಯಾವುದೆಂದು ಕೇಳುವ ಧೈರ್ಯವೂ ನಮಗಿರಲಿಲ್ಲ.

ಇಂಥ ಪದಕ್ಕೆ ‘ಪಿಚ್ಚರ’ ಎಂಬ ಬಾಲ ಅಂಟಿದ್ದು ವಿಡಿಯೊ ಕಾಲದಲ್ಲಿ. ಗಣಪತಿ ಕೂಡಿಸಿದಾಗ ಓಣಿಯವರು ಪಟ್ಟಿ ಎತ್ತಿ ಟಿವಿ, ವಿಸಿಆರ್ ಬಾಡಿಗೆಗೆ ತರುತ್ತಿದ್ದರು. ರಾತ್ರಿಗೆ ಮೂರು ಪಿಚ್ಚರ. ಮೊದಲನೆಯದು ಭಕ್ತಿಯದು, ಹಿರಿಯರಿಗಾಗಿ. ನಡುವಿನದು ರಾಜಕುಮಾರ್ ಅವರದು, ಎಲ್ಲರಿಗಾಗಿ. ಮುದುಕರು ಆಕಳಿಸುತ್ತ ಎದ್ದು ಹೋದ ಮೇಲೆ, ದೇವರ ಮಂಟಪದ ಎದುರಿಗೇ, ದೆವ್ವದ ಪಿಚ್ಚರ. ಅದು ಸಾಮಾನ್ಯವಾಗಿ ರಾಮ್ಸೆ ಸಹೋದರರದು. ಕರಾಚಿಯಲ್ಲಿ ರೇಡಿಯೊ ಅಂಗಡಿ ಇಟ್ಟಿದ್ದ ರಾಮ್‌ಸಿಂಘಾನಿ ಮನೆತನ ಬ್ರಿಟಿಷ್ ಗಿರಾಕಿಗಳ ನಾಲಿಗೆಗೆ ಸಿಕ್ಕು ರಾಮ್ಸೆ ಆಯಿತು. ದೇಶ ಇಬ್ಭಾಗವಾದ ಮೇಲೆ ಮುಂಬಯಿಗೆ ಬಂದು, ಏಳು ಮಂದಿ ಅಣ್ಣತಮ್ಮಂದಿರು ಸೇರಿ ಕಡಿಮೆ ದುಡ್ಡಿನಲ್ಲಿ ಇಡೀ ದೇಶವನ್ನು ಅಂಜಿಸುವ ಧಂದೆ ಹಿಡಿದರು. ಅವರ ‘ಪುರಾನಾ ಮಂದಿರ್’ (1984) ನಮ್ಮ ಪಾಲಿಗೆ ಕಡೆಯ ಮಾತು. ಅದರಲ್ಲಿನ ಸಾಮ್ರಿ ಎಂಬ ದುಷ್ಟನ ತಲೆ ಒಂದು ಪೆಟ್ಟಿಗೆಯಲ್ಲಿ, ಮುಂಡ ಇನ್ನೊಂದು ಕಡೆ ಮಣ್ಣಿನಲ್ಲಿ. ಎರಡೂ ಕೂಡಿದರೆ ಮುಗಿಯಿತು. ಸಾಮ್ರಿಯಾದ ಅನಿರುದ್ಧ ಅಗರವಾಲ್ ರೂರ್ಕಿಯಲ್ಲಿ ಓದಿದ ಸಿವಿಲ್ ಎಂಜಿನಿಯರ್ ಎಂದು ಆಗಲೇ ಯಾರಾದರೂ ಹೇಳಿದ್ದರೆ ನಾವು ನೆಟ್ಟಗೆ ನಿದ್ದೆ ಮಾಡುತ್ತಿದ್ದೆವು.

ಆ ಸಿನಿಮಾಗಳ ಹಿಂದಿ ನಮಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ತಿಳಿಯದ ಅರ್ಧವೇ ಹೆಚ್ಚು ಅಂಜಿಸುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ ಆ ದೆವ್ವಗಳಿಗೆ ನಮ್ಮಲ್ಲಿ ವಿಳಾಸವಿರಲಿಲ್ಲ. ಮಂಜು ಕವಿದ ಕಾಡು, ಗುಡ್ಡದ ಮೇಲಿನ ಹವೇಲಿ, ಕೀಲು ಕಿರ್ರೆನ್ನುವ ಎತ್ತರದ ಬಾಗಿಲು ಇವೊಂದೂ ನಮ್ಮ ಎರೆಹೊಲಗಳ ಸೀಮೆಯಲ್ಲಿಲ್ಲ. ನಮ್ಮದು ಕಣ್ಣು ಹಾಯುವಷ್ಟು ದೂರ ಬಟ್ಟಬಯಲು. ಅಡಗಬೇಕೆಂದರೂ ದೆವ್ವಕ್ಕೆ ಜಾಲಿಕಂಟಿಯೇ ಗತಿ. ಹಾಗಾಗಿ ಮರುದಿನ ಸಾಲಿಗೆ ಹೋಗುವಾಗ ನಾವೇ ಕೂಡಿ ಅವುಗಳಿಗೆ ಜಾಗ ಗೊತ್ತುಮಾಡುತ್ತಿದ್ದೆವು. ಪೆಟ್ಟಿಗೆಯ ತಲೆ ಊರ ಹೊರಗಿನ ಹಾಳುಬಾಂವಿಗೆ, ಬಿಳಿ ಸೀರೆಯವಳು ಹುಣಸಿ ಗಿಡಕ್ಕೆ. ಸಾಮ್ರಿಯನ್ನು ಮಾತ್ರ ವಿಜಯಪುರದ ಸಾಠ್ ಕಬರಿಗೇ ಒಯ್ದು ಇಟ್ಟೆವು. ಶಿವಾಜಿಯ ಮೇಲೆ ದಂಡೆತ್ತಿ ಹೋಗುವ ಮುಂಚೆ ಅಫ್ಜಲಖಾನ ತಾನು ತಿರುಗಿ ಬರುವುದಿಲ್ಲವೆಂದು ಜೋಯಿಸರಿಂದ ತಿಳಿದು ತನ್ನ ಹೆಂಡಿರನ್ನೆಲ್ಲ ಕೊಂದು ಹೂಳಿಸಿದನೆಂದು ಅಲ್ಲಿ ಕತೆ ಹೇಳುತ್ತಾರೆ. 1659ರಲ್ಲಿ ಪ್ರತಾಪಗಡದ ಬುಡದಲ್ಲಿ ಅವನು ಸತ್ತದ್ದು ಇತಿಹಾಸ. ಹೆಂಡಿರದು ದಂತಕತೆ ಇರಬಹುದು. ಆದರೆ ಒಂದರ ಪಕ್ಕ ಒಂದು, ಒಂದೇ ಅಳತೆಯಲ್ಲಿ ಸಾಲುಗಟ್ಟಿದ ಆ ಕರಿಕಲ್ಲಿನ ಗೋರಿಗಳ ಮುಂದೆ ನಿಂತ ಹುಡುಗನಿಗೆ ಎರಡರ ನಡುವಿನ ಫರಕು ತಿಳಿಯುವುದಿಲ್ಲ. ಮುಂಬಯಿಯ ದೆವ್ವ ಅಂಜಿಕೆ ಹುಟ್ಟಿಸಿದ್ದು ಇಂಥ ಊರವಾಸ ಸಿಕ್ಕ ಮೇಲೆಯೇ.

ಹೊತ್ತಿನ ಲೆಕ್ಕವೂ ತಾಳೆಯಾಗುತ್ತಿರಲಿಲ್ಲ. ಸಿನಿಮಾದ ದೆವ್ವ ನಡುರಾತ್ರಿಯ ಗಂಟೆ ಕಾಯುತ್ತದೆ. ನಮ್ಮ ಕಡೆಯದಕ್ಕೆ ಮಟಮಟ ಮಧ್ಯಾಹ್ನವೇ ಪ್ರಶಸ್ತ. ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ, ಓಣಿಯೆಲ್ಲ ಬಾಗಿಲು ಮುಂದೆ ಮಾಡಿಕೊಂಡು ಮಲಗಿದಾಗ, ‘ಹೊರಗ ಹೋದೀರಿ, ದೆವ್ವ ತಿರಗೂ ಹೊತ್ತು’ ಎನ್ನುತ್ತಿದ್ದರು. ಬಿಸಿಲು ಬಡಿದು ಜ್ವರ ಬಂದ ಹುಡುಗನಿಗೆ ಗಾಳಿ ಸೋಕಿದೆ ಎನ್ನುವುದೂ ಇದರ ಬೆನ್ನಿಗೇ ಬರುತ್ತಿತ್ತು. ಮಕ್ಕಳನ್ನು ಉರಿಬಿಸಿಲಿನಿಂದ ಒಳಗಿಡಲು ಇದಕ್ಕಿಂತ ಅಗ್ಗದ ಉಪಾಯ ಯಾವ ಆರೋಗ್ಯ ಇಲಾಖೆಗೂ ಹೊಳೆದಿಲ್ಲ.

ಪದದ ಹುಟ್ಟನ್ನು ಕೆದಕಿದರೆ ಗಣಪತಿ ಮಂಟಪದ ಎದುರಿಗೆ ದೆವ್ವದ ಪಿಚ್ಚರ ಹಾಕಿದ್ದು ತಪ್ಪೇನಲ್ಲ ಅನ್ನಿಸುತ್ತದೆ. ದೆವ್ವ ಎಂಬುದು ದೇವ, ದೈವಗಳ ಬಳಗದಿಂದಲೇ ಇಳಿದು ಬಂದ ತದ್ಭವ. ಕರಾವಳಿಯಲ್ಲಿ ದೈವ ಕೋಲ ಕಟ್ಟಿಸಿಕೊಂಡು ನ್ಯಾಯ ಹೇಳುತ್ತದೆ; ಘಟ್ಟ ಹತ್ತಿ ಬಯಲಿಗೆ ಬರುವಷ್ಟರಲ್ಲಿ ಅದರ ತಮ್ಮ ಹುಣಸಿ ಗಿಡದಲ್ಲಿ ತಲೆಕೆಳಗಾಗಿ ಜೋತಾಡುತ್ತಿದ್ದಾನೆ. ಇನ್ನೂ ದೂರ ಹೋದರೆ ಇರಾನಿನಲ್ಲಿ ಈ ಪದ ಪೂರ್ತಿ ಮಗುಚಿ ಬಿದ್ದಿದೆ. ಅವೆಸ್ತಾದ ‘ದಯೇವ’ ಕೆಟ್ಟ ಶಕ್ತಿ, ಪಾರಸಿಯ ‘ದೇವ್’ ರಾಕ್ಷಸ. ಶಾಹನಾಮೆಯ ರುಸ್ತುಮ್ ಕಾದಾಡಿದ್ದು ಬಿಳಿ ದೇವ್ ಒಬ್ಬನ ಜೊತೆಗೆ. ಆದಿಲಶಾಹಿಗಳ ಆಸ್ಥಾನದಲ್ಲಿ ಪಾರಸಿ ನಡೆದ ಊರು ನಮ್ಮ ವಿಜಯಪುರ. ಉರ್ದು ಕತೆ ಕೇಳಿ ಬೆಳೆದ ನೆರೆಮನೆಯ ಹುಡುಗನಿಗೆ ‘ದೇವ್’ ಎಂದರೆ ಗುಡ್ಡದಷ್ಟು ಎತ್ತರದ ದೈತ್ಯ, ಗೋಡೆಯಾಚೆಯ ನನಗೆ ಕೈಮುಗಿಯುವ ದೇವರು. ಒಂದೇ ಗೋಡೆಯ ಎರಡು ಮಗ್ಗುಲಲ್ಲಿ ಒಂದೇ ಪದ. ‘ದೆವ್ವದಂಥಾ ಮನಿ’ಯ ಗಾತ್ರ ಆ ದೈತ್ಯನಿಂದ ಬಂದದ್ದೇ ಎಂದು ಪಟ್ಟು ಹಿಡಿಯಲಾರೆ, ಆದರೆ ಹಾಗೆ ನಂಬಲು ನನಗೆ ಇಷ್ಟ.

ನಕಾಶೆಯಲ್ಲೂ ಈ ಎರಡು ಮುಖಗಳಿವೆ. ಹಿಂದೆ ಸಿಂದಗಿ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕಾಗಿರುವುದು ದೇವರ ಹಿಪ್ಪರಗಿ. ಮುದ್ದೇಬಿಹಾಳ ತಾಲ್ಲೂಕಿನಲ್ಲಿ ರಕ್ಕಸಗಿ. 1565ರ ತಾಳಿಕೋಟೆ ಯುದ್ಧವನ್ನು ರಕ್ಕಸಗಿ-ತಂಗಡಗಿ ಕದನ ಎಂದೂ ಕರೆಯುತ್ತಾರೆ. ವಿಜಯನಗರವನ್ನು ಮುಗಿಸಿದ ಕಾಳಗಕ್ಕೆ ಹೆಸರಿನಲ್ಲೇ ರಕ್ಕಸ ಸಿಕ್ಕದ್ದು ಇತಿಹಾಸದ ಪಾಠದ ಹುಡುಗರಿಗೆ ಸರಿ ಎನಿಸುತ್ತಿತ್ತು. ಬಸ್ಸಿನ ಬೋರ್ಡಿನಲ್ಲಿ ಅದೇ ಹೆಸರು ಓದಿದವರು ಅಂಜುವುದಿಲ್ಲ. ಸೀಟು ಐತೇನು ಎಂದು ಕೇಳುತ್ತಾರೆ.

ಟಿವಿಯಲ್ಲಿ ದೆವ್ವ ಮೊದಲು ಬಂದದ್ದು ಮಾತ್ರ ಸಭ್ಯವಾಗಿ. 1985ರ ‘ವಿಕ್ರಮ್ ಔರ್ ಬೇತಾಳ್’ ಧಾರಾವಾಹಿಯ ಬೇತಾಳ ಬೆನ್ನೇರಿ ಕತೆ ಹೇಳುತ್ತಿತ್ತು, ನ್ಯಾಯ ಕೇಳುತ್ತಿತ್ತು, ರಾಜ ಬಾಯಿ ಬಿಟ್ಟರೆ ಹಾರಿಹೋಗುತ್ತಿತ್ತು. ಹೆಣ ಹೊತ್ತು ನಡೆಯುತ್ತಿದ್ದ ಆ ರಾಜ ಅರುಣ್ ಗೋವಿಲ್. ಎರಡೇ ವರ್ಷದಲ್ಲಿ ಅದೇ ರಾಮಾನಂದ ಸಾಗರ್ ಅದೇ ಮನುಷ್ಯನನ್ನು ರಾಮನನ್ನಾಗಿ ಮಾಡಿದಾಗ ಹಿರಿಯರು ಟಿವಿಗೆ ಊದಿನಕಡ್ಡಿ ಹಚ್ಚಿದರು. ನಮಗೆ ಮಾತ್ರ ರಾಮನ ಹೆಗಲ ಮೇಲೆ ಏನೋ ಕೂತಂತೆಯೇ ಕಾಣುತ್ತಿತ್ತು.

ಕನ್ನಡದಲ್ಲೇ ಮಾತಾಡುವ ದೆವ್ವ ಸಿಕ್ಕಿದ್ದು ‘ನಾ ನಿನ್ನ ಬಿಡಲಾರೆ’ಯಲ್ಲಿ. ಅನಂತನಾಗ್, ಲಕ್ಷ್ಮಿ ನಟಿಸಿದ 1979ರ ಚಿತ್ರ. ನಾವು ನೋಡಿದ್ದು ಎಷ್ಟೋ ವರ್ಷದ ಮೇಲೆ. ಆ ಹೆಸರಿಟ್ಟವರಿಗೆ ಶರಣು ಅನ್ನಬೇಕು. ಪ್ರೇಮಿಯೂ ಹೇಳಬಹುದಾದ ಮಾತು, ಪ್ರೇತವೂ ಹೇಳಬಹುದಾದ ಮಾತು. ಸಾಮ್ರಿ ಬರೀ ಘರ್ಜಿಸುತ್ತಿದ್ದ. ಈ ಚಿತ್ರದ ದೆವ್ವ ಕಾಮಿನಿ ಮಾತ್ರ ಮನೆಯವಳಂತೆ ಮಾತಾಡುತ್ತಿದ್ದಳು, ಆಸೆಯಿಟ್ಟುಕೊಂಡಿದ್ದಳು, ಹಟ ಹಿಡಿದಿದ್ದಳು. ದೆವ್ವದ ವ್ಯವಹಾರವೆಲ್ಲ ಕನ್ನಡದಲ್ಲಿ ಎರಡು ಕ್ರಿಯಾಪದಗಳಲ್ಲಿ ಮುಗಿಯುತ್ತದೆ: ಹಿಡಿಯುವುದು, ಬಿಡುವುದು. ಸಿನಿಮಾದಲ್ಲಿ ಬಿಡಿಸಲು ಮಂತ್ರಾಲಯಕ್ಕೆ ಹೋದರು. ನಮ್ಮ ಇಂಡಿ, ಸಿಂದಗಿಯ ಮಂದಿಗೆ ಅದಕ್ಕಿಂತ ಹತ್ತಿರದ ದಾರಿ ಭೀಮಾ ದಡದ ಗಾಣಗಾಪುರ. ಅಲ್ಲಿ ಮಹಾಮಂಗಳಾರತಿಯ ಗಂಟೆ ಬಾರಿಸಿದಾಗ ಮೈಮೇಲೆ ಬಂದವರು ಕಂಬ ಹತ್ತುವುದನ್ನು, ಕೂದಲು ಬಿಚ್ಚಿ ಚೀರುವುದನ್ನು ಕಂಡ ಹುಡುಗನಿಗೆ ರಾಮ್ಸೆಗಳು ತೋರಿಸುವುದು ಏನೂ ಉಳಿದಿರುವುದಿಲ್ಲ. ಪರದೆಯ ಅಂಜಿಕೆಗೆ ಟಿವಿ ಬಂದ್ ಮಾಡುವ ಗುಂಡಿ ಇದೆ. ಅಲ್ಲಿ ಚೀರುತ್ತಿದ್ದವಳು ಯಾರದೋ ಮನೆಯ ಸೊಸೆ, ದವಾಖಾನೆಗೆ ಹೋಗಬೇಕಾದವಳು ಎಂಬುದು ದೊಡ್ಡವರಾದ ಮೇಲೆ ಹೊಳೆಯುವ ಸಂಗತಿ. ಬಿಡಿಸುವ ಹೆಸರಿನಲ್ಲಿ ಹೊಡೆಯುವುದನ್ನು, ಕಟ್ಟಿಹಾಕುವುದನ್ನು 2017ರ ಕರ್ನಾಟಕದ ಕಾಯ್ದೆ ಅಪರಾಧವೆಂದು ಸಾರಿದೆ.

ಹೊಡೆತವಿಲ್ಲದ ಮದ್ದು ಇಂಡಿಯಲ್ಲೇ ಬೆಳೆಯುತ್ತದೆ. ಹಿಂದಿ, ಕನ್ನಡ, ತೆಲುಗು ಯಾವ ದೆವ್ವದ ಪಿಚ್ಚರನ್ನೇ ನೋಡಿ, ಮಾಂತ್ರಿಕನ ಕೈಯಲ್ಲಿ ಕುಂಕುಮ ಹಚ್ಚಿದ ಲಿಂಬೆ ಇರಲೇಬೇಕು. ಇಂಡಿ ಲಿಂಬೆಯೆಂದರೆ ದೂರದೂರದ ಮಾರುಕಟ್ಟೆಗಳಿಗೆ ಗೊತ್ತು. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ, ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿಯೇ ಅಲ್ಲಿದೆ. ರೇಟು ಬಿದ್ದಾಗ ಬೆಳೆಗಾರರು ಪಡುವ ಅಂಜಿಕೆಗೆ ಯಾವ ಮಾಂತ್ರಿಕನೂ ಲಿಂಬೆ ಇಳಿಸುವುದಿಲ್ಲ.

ಕೇಬಲ್ ಬಂದ ಮೇಲೆ ಪದಕ್ಕೆ ಕುತ್ತು ಬಂತು. 1993ರಲ್ಲಿ ‘ಝೀ ಹಾರರ್ ಶೋ’, 1995ರಲ್ಲಿ ಸೋನಿಯ ‘ಆಹಟ್’. ಅಲ್ಲಿ ದೆವ್ವವೂ ಇಲ್ಲ, ಭೂತವೂ ಕಡಿಮೆ, ಎಲ್ಲ ‘ಆತ್ಮಾ’. ಇದು ನಮಗೆ ಪೇಚಿಗಿಟ್ಟುಕೊಂಡಿತು. ಸಂಜೆ ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಕ್ಕೆ ಹಿರಿಯರ ಕೈಹಿಡಿದು ಹೋದರೆ ಆತ್ಮ ಎಂದರೆ ಶಾಂತ, ಶುದ್ಧ, ಸಾವಿಲ್ಲದ್ದು. ರಾತ್ರಿ ಟಿವಿ ಹಚ್ಚಿದರೆ ಅದೇ ಆತ್ಮ ಉಗುರು ಬೆಳೆಸಿಕೊಂಡು ಕಿಟಕಿ ಗೀರುತ್ತಿದೆ. ಗುಡಿ ಗುಂಡಾರಗಳ ಅಂಜಿಕೆಯನ್ನೇ ಪ್ರಶ್ನಿಸಿದ ಬಸವಣ್ಣನ ಊರು ಬಾಗೇವಾಡಿಯಲ್ಲೂ ಆ ಹೊತ್ತಿಗೆ ಹುಡುಗರು ಕೌದಿಯೊಳಗಿಂದ ಒಂದೇ ಕಣ್ಣು ಹೊರಗಿಟ್ಟು ನೋಡುತ್ತಿದ್ದರು. ಮಾಳಿಗೆಯ ಬೆಳಕಿಂಡಿಯತ್ತ ಇನ್ನೊಂದು ಕಣ್ಣು. ಆಮೇಲೆ 2004ರ ‘ಆಪ್ತಮಿತ್ರ’ದಲ್ಲಿ ದೆವ್ವ ಮನಸ್ಸಿನ ಕಾಯಿಲೆಯಾಯಿತು, ಡಾಕ್ಟರು ಬಂದರು. ಊರವರು ಆ ವಿವರಣೆಯನ್ನು ಪಕ್ಕಕ್ಕಿಟ್ಟು ಸಿಟ್ಟಿನ ಹುಡುಗಿಯರನ್ನೆಲ್ಲ ಆ ಚಿತ್ರದ ದೆವ್ವದ ಹೆಸರಿನಿಂದ ‘ನಾಗವಲ್ಲಿ’ ಎಂದು ಕರೆಯತೊಡಗಿದರು. ಈಗಿನ ಮಕ್ಕಳು ಮೊಬೈಲಿನಲ್ಲಿ ನೋಡುವುದು ‘ಹಾರರ್’. ನನ್ನ ತಕರಾರು ಇಷ್ಟೇ: ಹಾರರ್‌ನಂಥಾ ಮನಿ ಎಂದರೆ ಯಾರಿಗೂ ಆ ಮನೆಯ ಗಾತ್ರ ತಿಳಿಯುವುದಿಲ್ಲ.

ಲೇವಾದೇವಿ ಒಂದೇ ದಿಕ್ಕಿನದಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಕಡೆ ರಾತ್ರಿ ಬಾಗಿಲು ಬಡಿಯುವ ಹೆಣ್ಣು ದೆವ್ವದ ಸುದ್ದಿ ಹಬ್ಬಿ, ಜನ ಗೋಡೆ, ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದರು. ಬಂದದ್ದು ಓದಿಕೊಂಡು ವಾಪಸು ಹೋಗುತ್ತಿತ್ತಂತೆ. ಕನ್ನಡ ಓದಲು ಬರೆಯಲು ಕಲಿತ ದೆವ್ವ, ಮೇಲಾಗಿ ಬರೆದದ್ದನ್ನು ನಂಬುವಂಥದ್ದು. 2018ರಲ್ಲಿ ಹಿಂದಿಯ ‘ಸ್ತ್ರೀ’ ಆ ಕತೆಯನ್ನೇ ಎತ್ತಿಕೊಂಡು ಮಧ್ಯಪ್ರದೇಶದ ಚಂದೇರಿಗೆ ಒಯ್ದು ದುಡ್ಡು ಬಾಚಿತು. ಮುಂಬಯಿಯಿಂದ ಅಷ್ಟು ವರ್ಷ ಬಾಡಿಗೆಗೆ ತಂದ ದೆವ್ವಗಳಿಗೆ ಪ್ರತಿಯಾಗಿ ಕನ್ನಡ ನಾಡಿನಿಂದ ಒಂದು ಹೋಯಿತು. ಆ ಪಿಚ್ಚರ ನೋಡಿ ನಮ್ಮ ಕಡೆಯ ಕಿರಾಣಿ ಅಂಗಡಿಯವರೊಬ್ಬರು ಕೇಳಿದ ಮಾತೂ ಸರಿಯೇ ಇತ್ತು: ‘ಇದರಾಗೇನ್ರೀ ಹೊಸಾದು? ಇಂದು ರೋಖ, ನಾಳೆ ಉದ್ರಿ ಅಂತ ನಾವು ಮೊದಲಿಂದ ಬೋರ್ಡ್ ಹಾಕೇವಿ. ಉದ್ರಿ ಕೇಳೂ ಮಂದಿ ಓದಿದ್ರೂ ಹೋಗಂಗಿಲ್ಲ.’