ಟೈಮಿಂಗ್ ಚೈನ್ ಸವೆಯುವುದೇ ಇಲ್ಲವೇ? ಹಳೆಯ ಟೆಂಪೋ, ಟಿಟಿ ಇಟ್ಟುಕೊಂಡವರು ತಿಳಿಯಬೇಕಾದ್ದು

"ಬೆಲ್ಟ್ ಆದರೆ ಬದಲಿಸಬೇಕು, ಚೈನ್ ಆದರೆ ಎಂಜಿನ್ ಇರುವವರೆಗೂ ಚಿಂತೆ ಇಲ್ಲ." ಹಳೆಯ ಗಾಡಿ ಇಟ್ಟುಕೊಂಡವರು ಈ ಮಾತನ್ನು ಕೇಳಿಯೇ ಇರುತ್ತೀರಿ. ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧ ನಂಬಿದರೆ ಎಂಜಿನ್ನೇ ಕೈಕೊಡಬಹುದು. ಪೀಣ್ಯದಲ್ಲಿ ಲೋಡ್ ಹೊಡೆಯುವ ಟೆಂಪೋ ಇರಲಿ, ವೈಟ್‌ಫೀಲ್ಡ್‌ಗೆ ಸಿಬ್ಬಂದಿ ಕರೆದೊಯ್ಯುವ ಟಿಟಿ ಇರಲಿ, ಗಾಡಿ ನಿಂತರೆ ಅಂದಿನ ದುಡಿಮೆಯೂ ನಿಂತಂತೆ. ಹಾಗಾಗಿ ವಿಷಯವನ್ನು ಸರಿಯಾಗಿ ತಿಳಿಯೋಣ.

ಟೈಮಿಂಗ್ ಚೈನ್‌ನ ಕೆಲಸವೇನು?

ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಕಂಪ್ರೆಷನ್ ಹಂತದಲ್ಲಿ ಪಿಸ್ಟನ್ ಮೇಲೆ ಬರುವಾಗ ವಾಲ್ವ್‌ಗಳು ಮುಚ್ಚಿರಬೇಕು. ಈ ಹೊಂದಾಣಿಕೆಯನ್ನು ಕಾಯುವುದೇ ಟೈಮಿಂಗ್ ಚೈನ್.

ಎಲ್ಲ ಗಾಡಿಗಳಲ್ಲೂ ಚೈನ್ ಇರುವುದಿಲ್ಲ. ಟಾಟಾದ ಹಳೆಯ 697, 497 ಎಂಜಿನ್‌ಗಳಲ್ಲಿ ಈ ಕೆಲಸ ಮಾಡುವುದು ಗೇರ್. ಹಳೆಯ ಮಾರುತಿ ಓಮ್ನಿಯಲ್ಲಿ ರಬ್ಬರ್ ಬೆಲ್ಟ್. ಬಜಾಜ್ ಟೆಂಪೋ (ಈಗಿನ ಫೋರ್ಸ್ ಮೋಟರ್ಸ್) ಮರ್ಸಿಡಿಸ್ ಪರವಾನಗಿಯಲ್ಲಿ ತಯಾರಿಸಿದ ಓಎಂ 616 ಡೀಸೆಲ್ ಎಂಜಿನ್‌ನಲ್ಲಿ ಎರಡು ಸಾಲಿನ ಚೈನ್ ಇದೆ. ಹಳೆಯ ಟೆಂಪೋ ಟ್ರಾವೆಲರ್, ಟ್ರ್ಯಾಕ್ಸ್ ಮತ್ತು ನಂತರದ ಮೆಟಡೋರ್‌ಗಳಲ್ಲಿ ಬಂದ ಎಂಜಿನ್ ಇದು. ಡೀಸೆಲ್ ಪಂಪನ್ನು ತಿರುಗಿಸುವುದೂ ಇದೇ ಚೈನ್.

ಉಕ್ಕಿನ ಚೈನ್ ಉದ್ದವಾಗುವುದು ಹೇಗೆ?

"ಚೈನ್ ಎಳೆದಿದೆ" ಎಂದು ಮೆಕ್ಯಾನಿಕ್‌ಗಳು ಹೇಳುತ್ತಾರೆ. ನಿಜವಾಗಿ ಉಕ್ಕು ಎಳೆದುಕೊಳ್ಳುವುದಿಲ್ಲ. ಕೊಂಡಿಗಳ ನಡುವಿನ ಪಿನ್ ಮತ್ತು ಬುಷ್ ಸವೆಯುತ್ತವೆ. ಒಂದೊಂದು ಕೊಂಡಿಯಲ್ಲಿ 0.02 ಮಿ.ಮೀ. ಸವೆದರೂ 100 ಕೊಂಡಿಗೆ 2 ಮಿ.ಮೀ. ಆಯಿತು. ಆಗ ಕ್ಯಾಮ್ ಮತ್ತು ಡೀಸೆಲ್ ಪಂಪ್ ಎರಡೂ ತಡವಾಗಿ ತಿರುಗುತ್ತವೆ.

ಸವೆತಕ್ಕೆ ದೊಡ್ಡ ಕಾರಣ ಹಳೆಯ ಆಯಿಲ್. ಡೀಸೆಲ್ ಎಂಜಿನ್‌ನ ಮಸಿ ಆಯಿಲ್‌ಗೆ ಸೇರಿ, ಪಿನ್‌ಗಳ ನಡುವೆ ಸಾಣೆ ಪುಡಿಯಂತೆ ಉಜ್ಜುತ್ತದೆ.

ಕಿಲೋಮೀಟರ್ ಒಂದೇ ಲೆಕ್ಕವಲ್ಲ

ಗಂಟೆಗೆ ಸರಾಸರಿ 45 ಕಿ.ಮೀ. ಓಡುವ ಗಾಡಿ 1 ಲಕ್ಷ ಕಿ.ಮೀ. ಮುಗಿಸಲು ಸುಮಾರು 2,200 ಗಂಟೆ ಸಾಕು. ಗೊರಗುಂಟೆಪಾಳ್ಯ, ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸರಾಸರಿ 15 ಕಿ.ಮೀ. ವೇಗದಲ್ಲಿ ತೆವಳುವ ಗಾಡಿಗೆ ಸುಮಾರು 6,700 ಗಂಟೆ ಬೇಕು. ನಿಂತಲ್ಲೇ ಎಂಜಿನ್ ಆನ್ ಇದ್ದಾಗಲೂ ಚೈನ್ ತಿರುಗುತ್ತಲೇ ಇರುತ್ತದೆ, ಮೀಟರ್ ಮಾತ್ರ ಓಡುವುದಿಲ್ಲ. ಆದ್ದರಿಂದ ಸಿಟಿ ಗಾಡಿಗೆ ಆಯಿಲ್ ಬದಲಾವಣೆ ಬೇಗ ಬೇಕು, ಚೈನ್ ತಪಾಸಣೆಯೂ ಬೇಗ ಬೇಕು.

ಗುರುತಿಸುವುದು ಹೇಗೆ?

- ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಮುಂಭಾಗದಿಂದ ಕೆಲವು ಸೆಕೆಂಡ್ ಗಲಗಲ ಸದ್ದು
- ಸ್ಟಾರ್ಟ್ ಆಗಲು ಸತಾಯಿಸುವುದು, ಬಿಳಿ ಹೊಗೆ
- ಲೋಡ್ ಹಾಕಿದಾಗ ಎಳೆತ ಕಡಿಮೆಯಾಗುವುದು

ನಾಝಲ್ ಕೆಟ್ಟರೂ ಹೊಗೆ ಬರುತ್ತದೆ, ಟ್ಯಾಪೆಟ್ ಸಡಿಲವಾದರೂ ಸದ್ದು ಬರುತ್ತದೆ. ಆದ್ದರಿಂದ ಬರೀ ಸದ್ದು ಕೇಳಿ ಚೈನ್ ಬದಲಿಸಬೇಡಿ. ಮೇಲಿನ ಕವರ್ ತೆಗೆದು, ಕ್ಯಾಮ್‌ನ ಗುರುತನ್ನು ಹೊಂದಿಸಿ, ಆಗ ಕ್ರ್ಯಾಂಕ್ ಪುಲ್ಲಿ ಎಷ್ಟು ಡಿಗ್ರಿ ತೋರಿಸುತ್ತದೆ ಎಂದು ನೋಡಬೇಕು. ಆ ಅಂತರವೇ ಸವೆತದ ಅಳತೆ. ಅದನ್ನು ಎಂಜಿನ್ ಕೈಪಿಡಿಯ ಮಿತಿಯೊಂದಿಗೆ ಹೋಲಿಸಿ.

ಬದಲಿಸಲು ಎಂಜಿನ್ ಇಳಿಸಬೇಕೇ?

ಓಎಂ 616ರಲ್ಲಿ ಬೇಕಿಲ್ಲ. ಹಳೆಯ ಚೈನ್‌ನ ಒಂದು ಕೊಂಡಿಯನ್ನು ಮೇಲ್ಭಾಗದಲ್ಲೇ ಕತ್ತರಿಸಿ, ಅದರ ತುದಿಗೆ ಹೊಸ ಚೈನ್ ಜೋಡಿಸಿ, ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರೆ ಹಳೆಯದು ಹೊರಬರುತ್ತಾ ಹೊಸದು ಒಳಹೋಗುತ್ತದೆ. ಆದರೆ ನಾಲ್ಕು ಎಚ್ಚರ ಬೇಕು: ಕತ್ತರಿಸುವಾಗ ಲೋಹದ ಪುಡಿ ಒಳಗೆ ಬೀಳದಂತೆ ಬಟ್ಟೆ ಮುಚ್ಚಬೇಕು. ಚೈನ್ ಹಲ್ಲು ತಪ್ಪದಂತೆ ಎರಡೂ ತುದಿ ಬಿಗಿಯಾಗಿ ಹಿಡಿದಿರಬೇಕು. ಕ್ರ್ಯಾಂಕನ್ನು ಹಿಂದಕ್ಕೆ ತಿರುಗಿಸಬಾರದು. ಕೊನೆಯ ಕೊಂಡಿಯನ್ನು ಸರಿಯಾಗಿ ರಿವೆಟ್ ಮಾಡಬೇಕು.

ಟೆನ್ಷನರ್, ಗೈಡ್ ಪಟ್ಟಿ, ಹಲ್ಲುಚಕ್ರಗಳನ್ನೂ ಪರೀಕ್ಷಿಸಿ. ಇವು ಸವೆದಿದ್ದರೆ ಹೊಸ ಚೈನ್ ಕೂಡ ಬೇಗ ಹಾಳಾಗುತ್ತದೆ. ಸೆಲ್ಫ್ ಹೊಡೆಯುವ ಮೊದಲು ಎಂಜಿನ್ನನ್ನು ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಿ ಗುರುತುಗಳನ್ನು ನೋಡಿ. ಆಮೇಲೆ ಡೀಸೆಲ್ ಪಂಪ್ ಟೈಮಿಂಗ್ ಹೊಂದಿಸಿ.

ಹಾಗಾದರೆ ನಿಜವೇನು?

ಚೈನ್ ಬೆಲ್ಟ್‌ಗಿಂತ ಹೆಚ್ಚು ಬಾಳುತ್ತದೆ, ಇದು ನಿಜ. ಬದಲಿಸುವುದೇ ಬೇಡ ಎಂಬುದು ಸುಳ್ಳು. ಚೈನ್ ತುಂಡಾದರೆ ಪಿಸ್ಟನ್ ವಾಲ್ವ್‌ಗೆ ಬಡಿಯುತ್ತದೆ. ಆಗ ಚೈನ್‌ನ ಖರ್ಚಲ್ಲ, ಇಡೀ ಎಂಜಿನ್‌ನ ಖರ್ಚು. ಹಳೆಯ ಗಾಡಿ ಓಡಿಸುವ ಗೆಳೆಯರಿದ್ದರೆ ಅರ್ಧ ನಿಜದ ಮಾತಿನ ಬದಲು ಇದನ್ನು ಕಳಿಸಿ.